ಕರಿಗೈಗೆ ಕಪ್ಪು ಕೊಟ್ಟ ಮಸಿಯಕ್ಕ

ಬೆಳಗಿನ ಐದೂಮುಕ್ಕಾಲು. ಸೈಕಲ್ ರಿಪೇರಿ ಅಂಗಡಿಯ ಮೇಲೆ, ಮೂರನೇ ಮಹಡಿಯ ಕೋಣೆಯಲ್ಲಿ ಇನ್ನೂ ದೀಪ ಹಾಕಿಲ್ಲ. ಸ್ವಿಚ್ಚು ಬಾಗಿಲ ಪಕ್ಕದಲ್ಲೇ ಇದೆ, ಬಲ್ಬು ಕೆಟ್ಟಿಲ್ಲ. ಆದರೂ ಅರವತ್ತಮೂರರ ಈ ಹೆಂಗಸು ಕಿಟಕಿಯ ಬಳಿ ಎತ್ತರದ ಸ್ಟೂಲಿನ ಮೇಲೆ ಕೈಕಟ್ಟಿ ಕೂತು, ಬಸ್ಸಿಗೆ ಕಾಯುವವರಂತೆ ಬೆಳಕಿಗೆ ಕಾಯುತ್ತಿದ್ದಾರೆ.

“ಬಲ್ಬಿನ ಬೆಳಕಲ್ಲಿ ಎಲ್ಲ ಕಪ್ಪೂ ಒಂದೇ. ಹಗಲಲ್ಲಿ ನೋಡಿದ್ರೆ ಯಾವುದು ಒಣಗಿದೆ, ಯಾವುದು ಒಣಗಿದ ಹಾಗೆ ನಾಟಕ ಆಡ್ತಿದೆ ಅಂತ ಗೊತ್ತಾಗುತ್ತೆ.”

ಬೆಳಕು ಬರುತ್ತದೆ. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ಹಗ್ಗದಲ್ಲಿ, ಬಟ್ಟೆಯ ಕ್ಲಿಪ್ಪು ಸಿಕ್ಕಿಸಿದ ಹಾಳೆಗಳು ತೂಗುತ್ತಿವೆ. ಅವರು ಒಂದನ್ನು ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು, ಕೆನ್ನೆಯ ಹತ್ತಿರ ತರುತ್ತಾರೆ. ತಾಗಿಸುವುದಿಲ್ಲ, ಒಂದು ಬೆರಳಿನಷ್ಟು ಅಂತರ. ಒದ್ದೆ ಇದ್ದರೆ ಕೆನ್ನೆಗೆ ತಂಪು ಹತ್ತುತ್ತದೆ. ಹಾಳೆಯ ಮೇಲೆ ಒಬ್ಬ ಉದ್ದ ಮೂಗಿನ ದುಷ್ಟ ಹಲ್ಲು ಕಿರಿಯುತ್ತಿದ್ದಾನೆ. ಬಾಗಿಲಲ್ಲಿ ನಿಂತು ನೋಡಿದವರಿಗೆ ಇವರು ಅವನಿಗೆ ಮುತ್ತು ಕೊಡುತ್ತಿರುವಂತೆಯೇ ಕಾಣುತ್ತದೆ.

“ಅಪ್ಪನನ್ನೂ ಇಷ್ಟು ಮುದ್ದು ಮಾಡಿದ್ದು ನಾನು ನೋಡಿಲ್ಲಮ್ಮಾ,” ಎಂದು ಮಗಳು ಛೇಡಿಸುವುದುಂಟು.

“ನಿಮ್ಮಪ್ಪ ಒದ್ದೆ ಇದ್ದಾಗ ಟವೆಲ್ ಕೊಡ್ತಿದ್ದೆ. ಸಾಕಾಗಿತ್ತು,” ಎಂಬ ಉತ್ತರವೂ ಅಷ್ಟೇ ಹಳೆಯದು.

ಇವರನ್ನು ಎಲ್ಲರೂ ಕರೆಯುವುದು ಮಸಿಯಕ್ಕ ಎಂದು. ಮುದ್ರಣಾಲಯದವರು, ಕೆಳಗಿನ ಸೈಕಲ್ ಅಂಗಡಿಯವರು, ಕೊನೆಗೆ ಪಾರ್ಸೆಲ್ ತರುವವರೂ ಹಾಗೆಯೇ. ಕೆಲಸ ಹೇಳಿದರೆ ಒಂದೇ ಸಾಲು: ಚಿತ್ರಕಥೆಯ ಹಾಳೆಗಳಿಗೆ ಕಪ್ಪು ತುಂಬುವುದು. ಚಿತ್ರಕಾರರು ಗೆರೆ ಎಳೆದು, ಕಪ್ಪಾಗಬೇಕಾದ ಕಡೆಯೆಲ್ಲ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಇಂಟು ಮಾರ್ಕು ಹಾಕಿಡುತ್ತಾರೆ. ಇಂಟು ಇದ್ದಲ್ಲೆಲ್ಲ ಇವರ ಬ್ರಷ್ಷು ಹೋಗಬೇಕು. ರಾತ್ರಿಯ ಆಕಾಶ, ಬಾವಿಯ ಒಳಗು, ಕುದುರೆಯ ಹೊಟ್ಟೆಯ ಕೆಳಗಿನ ನೆರಳು, ಕಳ್ಳನ ಕೋಟು. ಗೆರೆ ದಾಟಬಾರದು, ಗೆರೆಗೂ ಕಪ್ಪಿಗೂ ನಡುವೆ ಬಿಳಿ ಇಣುಕಬಾರದು. ಮಾಡಿದ ಕೆಲಸ ಕಾಣಿಸಿತೆಂದರೆ ಕೆಲಸ ಕೆಟ್ಟಿತೆಂದೇ ಅರ್ಥ.

ಈಗ ಮೂವತ್ತರಿಂದ ಐವತ್ತರ ನಡುವೆ ಇರುವ ಯಾರನ್ನೇ ಕೇಳಿ, ‘ಗಾಳಿಪುಟ್ಟ’ ಗೊತ್ತಿರುತ್ತದೆ. ದುಪ್ಪಟಿಯ ನಾಲ್ಕು ಮೂಲೆ ಹಿಡಿದು ಮಹಡಿಯಿಂದ ಮಹಡಿಗೆ ತೇಲುವ ಹುಡುಗ. ಅವನನ್ನು ನೋಡಿ ಅಮ್ಮನ ದುಪ್ಪಟಿ ಹಿಡಿದು ಕಾಂಪೌಂಡ್ ಗೋಡೆಯಿಂದ ಹಾರಿದವರೆಷ್ಟೋ, ಕೈಗೆ ಪಟ್ಟಿ ಹಾಕಿಸಿಕೊಂಡವರೆಷ್ಟೋ. ವಾರಕ್ಕೊಂದು ಸಂಚಿಕೆ, ಮೂವತ್ತೈದು ವರ್ಷ. ಆದರೆ ಗಾಳಿಪುಟ್ಟನಿಗಿಂತ ಮಕ್ಕಳ ನಿದ್ದೆಯಲ್ಲಿ ಹೆಚ್ಚು ಓಡಾಡಿದವನು ಅವನ ವೈರಿ ಕರಿಗೈ. ಜಗತ್ತಿನ ಗಾಳಿಯನ್ನೆಲ್ಲ ಸೀಸೆಗಳಲ್ಲಿ ತುಂಬಿ ಬಿರಡೆ ಹಾಕಲು ಹೊಂಚುವವನು. ಮೈಯೆಲ್ಲ ಎಲ್ಲರಂತೆಯೇ ಇದ್ದು, ಎಡಗೈ ಮಾತ್ರ ಮಣಿಕಟ್ಟಿನವರೆಗೆ ಕಡುಕಪ್ಪು.

ಆ ಕೈ ಯಾಕೆ ಕಪ್ಪು ಎಂಬುದನ್ನು ‘ಗಾಳಿಪುಟ್ಟ’ ಒಮ್ಮೆಯೂ ಹೇಳಲಿಲ್ಲ. ಶಾಲೆಯ ವರಾಂಡಗಳಲ್ಲಿ ಇದರ ಮೇಲೆ ಜಗಳಗಳೇ ನಡೆದಿವೆ. ಕಳೆದ ತಿಂಗಳು ಹೊರಬಂದು, ಒಂಬತ್ತೇ ದಿನದಲ್ಲಿ ಮೊದಲ ಮುದ್ರಣ ಖಾಲಿಯಾದ ‘ಕರಿಗೈ: ಮೊದಲ ಕಥೆ’ ಎಂಬ ತೊಂಬತ್ತಾರು ಪುಟದ ಪುಸ್ತಕ ಅದನ್ನು ಹೇಳುತ್ತದೆ. ಅದಕ್ಕೆ ಮುಂಚೆ ಆ ಉತ್ತರ ಗೊತ್ತಿದ್ದದ್ದು ಭೂಮಿಯ ಮೇಲೆ ಒಬ್ಬರಿಗೇ. ಅವರು ಅದನ್ನು ಮೂವತ್ತು ವರ್ಷ ಬಾಯಿ ಬಿಡದೆ ಇಟ್ಟುಕೊಂಡಿದ್ದರು.

ಮಸಿಯಕ್ಕ ಈ ಕೆಲಸಕ್ಕೆ ಬಂದಾಗ ಇಪ್ಪತ್ತೆರಡು. ಬಂದದ್ದು ಹಾಳೆ ಕತ್ತರಿಸಲು. ಒಂದು ದಿನ ಕಪ್ಪು ತುಂಬುವವರು ರಜೆ ಹಾಕಿದಾಗ ಬ್ರಷ್ಷು ಕೈಗೆ ಬಂತು. ಕೈ ನಡುಗಲಿಲ್ಲ. ‘ಗಾಳಿಪುಟ್ಟ’ನ ಚಿತ್ರಕಾರರು, ಎಲ್ಲರ ಬಾಯಲ್ಲಿ ಮೇಷ್ಟ್ರು, ಹಾಳೆಯನ್ನು ಎತ್ತಿ ನೋಡಿ, “ಇವಳನ್ನ ಇಲ್ಲೇ ಕೂರಿಸಿ,” ಎಂದರು. ಅಷ್ಟೇ ಸಂದರ್ಶನ.

ಗಂಡ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದಾಗ ಮಗಳಿಗೆ ಮೂರು ವರ್ಷ. ಮನೆ ನಡೆಯುತ್ತಿದ್ದದ್ದು ಈ ಬ್ರಷ್ಷಿನ ಮೇಲೆಯೇ. ಆಗ ದಿನಕ್ಕೆ ಹದಿನಾಲ್ಕು ಹಾಳೆ, ಈಗ ಒಂಬತ್ತು. ಒಂದು ಮಸಿಬಾಟಲಿ ಹನ್ನೊಂದು ಹಾಳೆಗೆ ಬರುತ್ತದೆ, ಆಕಾಶ ಜಾಸ್ತಿ ಇದ್ದರೆ ಏಳಕ್ಕೇ ಮುಗಿಯುತ್ತದೆ. ವರ್ಷಕ್ಕೆ ಆರು ಬ್ರಷ್ಷು ಸವೆಯುತ್ತವೆ. ಒಣಹವೆಯಲ್ಲಿ ಹಾಳೆ ಒಣಗಲು ನಲವತ್ತು ನಿಮಿಷ, ಮೋಡ ಕವಿದರೆ ಎರಡು ಗಂಟೆ. ಕತ್ತು ಎಡಕ್ಕೆ ತಿರುಗುತ್ತದೆ, ಬಲಕ್ಕೆ ಪೂರ್ತಿ ತಿರುಗುವುದಿಲ್ಲ. “ಬಲಗಡೆ ನಿಂತು ಯಾರಾದ್ರೂ ಬೈದ್ರೆ ನನಗೆ ಬೇಜಾರಿಲ್ಲ. ಕಾಣಿಸೋದೇ ಇಲ್ಲವಲ್ಲ.” ಉಗುರಿನ ಸಂದಿಯ ಮಸಿ ಯಾವ ಸೋಪಿಗೂ ಬಗ್ಗಲಿಲ್ಲ; ಮಗಳ ಶಾಲೆಗೆ ಹೋದಾಗಲೆಲ್ಲ ಕೈ ಬೆನ್ನ ಹಿಂದೆ ಇಟ್ಟುಕೊಂಡೇ ನಿಲ್ಲುತ್ತಿದ್ದರು. ಪ್ರತಿ ಸಂಚಿಕೆಯ ಮೊದಲ ಪುಟದಲ್ಲಿ ಕಥೆ ಯಾರದು, ಚಿತ್ರ ಯಾರದು, ಬಣ್ಣ ಯಾರದು ಎಂದಿರುತ್ತಿತ್ತು. ಕಪ್ಪು ಯಾರದು ಎಂದು ಇರುತ್ತಿರಲಿಲ್ಲ. ಕಪ್ಪು ಬಣ್ಣವಲ್ಲವೆಂದು ಮುದ್ರಣಾಲಯದ ಒಬ್ಬರು ಇವರಿಗೆ ವಿಜ್ಞಾನದ ಪ್ರಕಾರ ವಿವರಿಸಿದ್ದರಂತೆ.

ಇನ್ನು ಆ ಬೆಳಗು. ಮೂವತ್ತೊಂದು ವರ್ಷದ ಹಿಂದಿನದು.

ಆಗ ಆ ದುಷ್ಟನಿಗೆ ಕರಿಗೈ ಎಂಬ ಹೆಸರಿರಲಿಲ್ಲ. ಗಾಳಿಗಳ್ಳ ಎಂದು ಕರೆಯುತ್ತಿದ್ದರು, ಬಂದು ಮೂರನೇ ವಾರ, ಯಾರೂ ಅವನನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೇಷ್ಟ್ರು ಹಲ್ಲುನೋವೆಂದು ಗೆರೆ ಮುಗಿಸಿ ಮನೆಗೆ ಹೋಗಿಬಿಟ್ಟಿದ್ದರು. ಮೋಡ ಕವಿದ ದಿನ. ಎಂಟಕ್ಕೆ ಹಾಳೆಗಳು ಮುದ್ರಣಕ್ಕೆ ಹೋಗಬೇಕು. ತುಂಬಿದ ಹಾಳೆಗಳನ್ನು ಎರಡೆರಡಾಗಿ ಮುಖಕ್ಕೆ ಮುಖ ಮಾಡಿ ಜೋಡಿಸುವುದು ರೂಢಿ. ಬೆನ್ನಿನ ಕೊಳೆ ಚಿತ್ರಕ್ಕೆ ಹತ್ತದಿರಲಿ ಎಂದು. ನಡುವೆ ಒಂದು ತೆಳು ಕಾಗದ ಇಡಬೇಕು. ಆ ದಿನ ಮಸಿಯಕ್ಕ ಆ ತೆಳು ಕಾಗದ ಇಡಲು ಮರೆತರು.

“ಏಳನೇ ಪುಟದಲ್ಲಿ ದೊಡ್ಡ ಆಕಾಶ. ಒಣಗಿದೆ ಅಂದ್ಕೊಂಡೆ. ಎಂಟನೇ ಪುಟ ಅದರ ಮೇಲೆ ಮಗುಚಿದೆ. ಎತ್ತಿ ನೋಡ್ತೀನಿ, ಆಕಾಶದ ಚೂರು ಕಿತ್ತು ಬಂದು ಇವನ ಎಡಗೈ ಮೇಲೆ ಕೂತಿದೆ. ಒಂದು ಗುಂಡಿಯಷ್ಟು. ಬಿಳಿ ಬಳಿದ್ರೆ ಒದ್ದೆ ಕಪ್ಪಿನ ಮೇಲೆ ಬೂದಿ ಆಗುತ್ತೆ. ಟೈಮ್ ಏಳೂವರೆ.”

ಹಿಂದಿನ ತಿಂಗಳಷ್ಟೇ ಇನ್ನೊಬ್ಬರನ್ನು ಇದಕ್ಕಿಂತ ಚಿಕ್ಕ ಕಲೆಗೆ ಮನೆಗೆ ಕಳಿಸಿದ್ದರು. ಮಸಿಯಕ್ಕ ಒಂದು ನಿಮಿಷ ಕಣ್ಣು ಮುಚ್ಚಿ ನಿಂತರು. ಆಮೇಲೆ ಬ್ರಷ್ಷು ಎತ್ತಿ ಆ ಕೈಯನ್ನು ಮಣಿಕಟ್ಟಿನವರೆಗೆ ಪೂರ್ತಿ ಕಪ್ಪು ಮಾಡಿದರು. ಆ ಸಂಚಿಕೆಯಲ್ಲಿ ಅವನಿದ್ದದ್ದು ಅದೊಂದೇ ಪುಟದಲ್ಲಿ; ಅಲ್ಲಿ ಆ ಕೈ ಇನ್ನೂ ನಾಲ್ಕು ಚೌಕದಲ್ಲಿತ್ತು. ಒಂದರಲ್ಲಿ ಕಪ್ಪಾಗಿ ಇನ್ನೊಂದರಲ್ಲಿ ಬಿಳಿ ಇದ್ದರೆ ಸಿಕ್ಕಿಬೀಳುವುದು ಗ್ಯಾರಂಟಿ; ನಾಲ್ಕಕ್ಕೂ ಬಳಿದರು. ಎಂಟಕ್ಕೆ ಹಾಳೆ ಹೋಯಿತು, ಇನ್ನೂ ಒದ್ದೆಯಾದ್ದರಿಂದ ಯಾವುದರ ಮೇಲೂ ಮಗುಚದೆ.

ಮುಂದಿನ ವಾರ ಮಕ್ಕಳ ಪತ್ರಗಳು ಬಂದವು. ಇನ್ನೂರ ಹದಿನೇಳು. ಅವನ ಕೈ ಯಾಕೆ ಕಪ್ಪು? ಕೈಗವಸಾ? ವಿಷವಾ? ಹುಟ್ಟಿನಿಂದಲಾ? ಕರಿಗೈ ಎಂಬ ಹೆಸರೂ ಒಂದು ಮಗುವಿನ ಪತ್ರದ್ದೇ. ಸಂಪಾದಕರು ಕುಣಿಯುವುದೊಂದು ಬಾಕಿ. “ಎಂಥಾ ಐಡಿಯಾ ಮೇಷ್ಟ್ರೇ!” ಎಂದರು. ಊದಿದ ಕೆನ್ನೆಯ ಮೇಷ್ಟ್ರು ಸಂಚಿಕೆಯನ್ನು ಅರ್ಧ ನಿಮಿಷ ನೋಡಿ, “ಹೂಂ,” ಎಂದರು. ಮೂಲೆಯ ಮೇಜಿನಲ್ಲಿ ಮಸಿಯಕ್ಕ ತೊಳೆದ ಬ್ರಷ್ಷನ್ನೇ ಮತ್ತೆ ತೊಳೆಯುತ್ತಿದ್ದರು. ವರ್ಷ ಕಳೆದಂತೆ ಆ ‘ಹೂಂ’ ಬೆಳೆಯಿತು. ಹಲ್ಲುನೋವಿನ ಜ್ವರದಲ್ಲಿ ಕನಸು ಬಿತ್ತು, ಕನಸಿನಲ್ಲಿ ಒಂದು ಕಪ್ಪು ಕೈ ಬಾಗಿಲು ತಟ್ಟಿತು ಎಂದು ಮೇಷ್ಟ್ರು ಹೋದಲ್ಲೆಲ್ಲ ಹೇಳತೊಡಗಿದರು.

“ಅವರು ಸುಳ್ಳು ಹೇಳಿದ್ರು ಅಂತಲ್ಲ,” ಮಸಿಯಕ್ಕ ಬೆರಳೆತ್ತಿ ಎಚ್ಚರಿಸುತ್ತಾರೆ. “ಹೇಳ್ತಾ ಹೇಳ್ತಾ ನಂಬಿಬಿಟ್ರು. ಒಳ್ಳೇ ಕನಸೇ ಅದು, ನಾನೂ ಎಷ್ಟೋ ಸಲ ಕೂತು ಕೇಳಿದೀನಿ.”

ಆರು ವರ್ಷದ ಹಿಂದೆ ವಾರಪತ್ರಿಕೆ ಕಂಪ್ಯೂಟರಿಗೆ ಹೋಯಿತು. ಮೇಷ್ಟ್ರೂ ಬ್ರಷ್ಷು ಕೆಳಗಿಟ್ಟರು. ಒಂದು ಗುಂಡಿ ಒತ್ತಿದರೆ ಕಪ್ಪು ತಾನೇ ತುಂಬಿಕೊಳ್ಳುತ್ತಿದ್ದ ಆ ಕಾಲದಲ್ಲಿ ಮಸಿಯಕ್ಕ ಬ್ರಷ್ಷು ತೊಳೆದಿಟ್ಟು ಮನೆಗೆ ಹೋದರು. ಪತ್ರಿಕೆ ಒಂದೇ ವರ್ಷದಲ್ಲಿ ನಿಂತುಹೋಯಿತು, ಅದು ಬೇರೆ ಮಾತು. ಕಳೆದ ವರ್ಷ ಕರಿಗೈಯ ಹುಟ್ಟಿನ ಕಥೆ ಬರೆದು, ಚಿತ್ರವನ್ನೂ ತಾನೇ ಮಾಡುತ್ತೇನೆಂದು ಹೊರಟ ಮೂವತ್ತಮೂರರ ಕಥೆಗಾರ್ತಿ ಇವರ ಮನೆ ಹುಡುಕಿಕೊಂಡು ಬಂದರು. ಚಿಕ್ಕಂದಿನಲ್ಲಿ ಕರಿಗೈಗೆ ಹೆದರಿ ಪುಸ್ತಕವನ್ನು ಫ್ರಿಜ್ಜಿನಲ್ಲಿ ಬಚ್ಚಿಟ್ಟವರು ಅವರು. “ಕಂಪ್ಯೂಟರಲ್ಲಿ ಮಾಡಿದ್ರೆ ಕೈ ಥರ ಕಾಣಲ್ಲಕ್ಕಾ, ಹಾಳೆಗೆ ತೂತು ಬಿದ್ದಂಗೆ ಕಾಣುತ್ತೆ. ನನಗೆ ಆ ಹಳೇ ಕಪ್ಪೇ ಬೇಕು.” ಮಸಿಯಕ್ಕ ಅರ್ಧ ಗಂಟೆಯಲ್ಲಿ ಚಪ್ಪಲಿ ಮೆಟ್ಟಿ ಹೊರಟಿದ್ದರು.

ಮೂವತ್ತು ಪುಟ ಸರಾಗವಾಗಿ ಹೋಯಿತು. ಮೂವತ್ತೊಂದನೇ ಪುಟ ಬಂತು. ಅದರಲ್ಲಿ ಒಂಬತ್ತು ವರ್ಷದ ಕರಿಗೈ, ತಾಯಿ ಮಲಗಿದ್ದ ಕೋಣೆಗೆ ಬೆಂಕಿ ಇಡುತ್ತಾನೆ. ಅದೇ ಬೆಂಕಿಯಲ್ಲಿ ಅವನ ಎಡಗೈ ಸುಟ್ಟು ಕಪ್ಪಾಗುತ್ತದೆ.

ಮಸಿಯಕ್ಕ ಬ್ರಷ್ಷನ್ನು ನೀರಿನ ಲೋಟದಲ್ಲಿ ನಿಲ್ಲಿಸಿದರು. “ಈ ಪುಟ ನಾನು ತುಂಬಲ್ಲ.”

“ಯಾಕಕ್ಕಾ? ಕತ್ತು ನೋವಾ?”

“ಅವನು ಬೆಂಕಿ ಇಟ್ಟವನಲ್ಲ.”

“ಅಕ್ಕಾ, ಅವನು ಖಳನಾಯಕ!”

“ಆಗಿರಲಿ. ಖಳನಾಯಕ ಅಂತ ಏನು ಬೇಕಾದ್ರೂ ಹೊರಿಸಿಬಿಡೋದಾ? ಹೆತ್ತ ತಾಯಿನ ಸುಟ್ಟ ಅಂತಾನಾ?”

ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಮನೆಯಲ್ಲಿ ಬೇಳೆಡಬ್ಬಿಗಳನ್ನೆಲ್ಲ ಕೆಳಗಿಳಿಸಿ ತೊಳೆದು ಮತ್ತೆ ಮೇಲಿಟ್ಟರು. ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿ ಕೆಲಸ ಮಾಡುವ ಮಗಳು ಸಂಜೆ ಬಂದು ನೋಡಿ, “ಏನಮ್ಮಾ, ಯಾರದೋ ಮಗನ ಮೇಲೆ ದೂರು ಬಂದ ಹಾಗೆ ಕೂತಿದೀಯ?” ಎಂದಳು.

“ಯಾರದೋ ಅಲ್ಲ ಕಣೆ.”

ಆ ಸಂಜೆ ಮೊದಲ ಸಲ ಹೊರಗೆ ಬಂತು: ತೆಳು ಕಾಗದ, ಏಳೂವರೆ, ಗುಂಡಿಯಷ್ಟು ಕಲೆ. ಮಗಳು ಕೇಳಿ ಮುಗಿಸಿ ನಕ್ಕಳು. ಆಮೇಲೆ ಅಮ್ಮನ ಮುಖ ನೋಡಿ ನಗು ನಿಲ್ಲಿಸಿದಳು. “ಹೇಳಿಬಿಡು.”

“ಮೇಷ್ಟ್ರ ಮುಂದೆ? ಎಂಬತ್ತೊಂದು ವರ್ಷ ಅವರಿಗೆ. ಅವರ ಹೆಸರಿರೋದೇ ಆ ಕೈಯಲ್ಲಿ. ಕಿತ್ಕೊಳ್ಳಲಾ?”

“ಮತ್ತೆ ನಿನ್ನ ಕರಿಗೈ? ಅವನು ಅಮ್ಮನನ್ನ ಸುಟ್ಟವನಾಗೇ ಇರಲಾ?”

ನಾಲ್ಕನೇ ದಿನ ಬೆಳಗ್ಗೆ ಮಸಿಯಕ್ಕ ಕಥೆಗಾರ್ತಿಗೆ ಫೋನ್ ಮಾಡಿ ಎರಡು ಕೆಲಸ ಹೇಳಿದರು. ಪತ್ರಿಕೆಯ ಹಳೆಯ ಹಾಳೆಗಳಿದ್ದ ಕಬ್ಬಿಣದ ಬೀರುವಿನಿಂದ ಆ ಎಂಟನೇ ಪುಟ ತೆಗೆಸಿಡಬೇಕು, ಮೇಷ್ಟ್ರನ್ನು ಕರೆಸಬೇಕು.

ಮೇಷ್ಟ್ರು ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ, ಕೋಲನ್ನು ಮೇಜಿಗೆ ಒರಗಿಸಿ ಕೂತರು. “ಲಿಫ್ಟ್ ಇಲ್ಲದ ಕಡೆ ಕರೆಸ್ತೀಯಲ್ಲ, ನನ್ನ ಮುಗಿಸೋ ಪ್ಲಾನಾ?”

ಮಸಿಯಕ್ಕ ನಗಲಿಲ್ಲ. ಹಾಳೆಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಬೆಳಗಿನ ಬಿಸಿಲು ಹಿಂದಿನಿಂದ ಹಾಯಿತು. ಹಳೆಯ ಮಸಿಯ ಕೆಳಗೆ, ನಿಬ್ಬು ಕೊರೆದಿದ್ದ ಗೆರೆಗಳು ಒಂದೊಂದಾಗಿ ಎದ್ದವು. ಗೆಣ್ಣಿನ ಸುಕ್ಕು. ಅಂಗೈಯಂಚಿನ ಮಡಿಕೆ. ಐದು ಬೆರಳಿಗೆ ಐದು ಉಗುರು, ಒಂದೊಂದಕ್ಕೂ ಬುಡದಲ್ಲಿ ಅರ್ಧಚಂದ್ರ.

“ಮೇಷ್ಟ್ರೇ,” ಎಂದರು ಮಸಿಯಕ್ಕ, “ಕಪ್ಪು ಮಾಡೋ ಕೈಗೆ ಯಾರಾದ್ರೂ ಉಗುರು ಬರೀತಾರಾ?”

ಕೆಳಗಿನ ಅಂಗಡಿಯಲ್ಲಿ ಯಾರೋ ಸೈಕಲ್ ಬೆಲ್ಲು ಪರೀಕ್ಷಿಸುತ್ತಿದ್ದರು. ಮೇಷ್ಟ್ರು ಎದ್ದು, ಮೂಗು ಹಾಳೆಗೆ ತಾಗುವಷ್ಟು ಹತ್ತಿರ ಹೋದರು. ಕಿರುಬೆರಳಿನ ಉಗುರು ಸೊಟ್ಟಗಿತ್ತು. ಅವರು ತಮ್ಮ ಎಡಗೈಯನ್ನು ಎತ್ತಿ ಅದರ ಪಕ್ಕ ಹಿಡಿದರು. ಅದೇ ಸೊಟ್ಟ ಉಗುರು.

“ನನ್ನ ಕೈ ನೋಡ್ಕೊಂಡೇ ಬರೆದಿದ್ದೆ,” ಎಂದರು ಮೆಲ್ಲಗೆ. “ಇಂಟು ಹಾಕಿಲ್ಲ.” ಆಮೇಲೆ, “ಎಲ್ಲೂ ಹಾಕಿಲ್ಲ.”

ಮಸಿಯಕ್ಕ ಎಲ್ಲವನ್ನೂ ಹೇಳಿದರು. ನಿಂತೇ ಹೇಳಿದರು, ಮಸಿಮೆತ್ತಿದ ಕೈಯನ್ನು ಹಿಂದೆ ಇಟ್ಟುಕೊಳ್ಳದೆ.

“ಹಾಗಾದ್ರೆ ಆ ಕನಸು?” ಮೇಷ್ಟ್ರ ದನಿ ಚಿಕ್ಕದಾಗಿತ್ತು. “ಬಾಗಿಲು ತಟ್ಟಿದ್ದು?”

“ಬಿದ್ದಿರುತ್ತೆ ಮೇಷ್ಟ್ರೇ. ಸಂಚಿಕೆ ನೋಡಿದ ಮೇಲೆ ಬಿದ್ದಿರುತ್ತೆ.”

ಮೇಷ್ಟ್ರು ಮೊದಲು ಭುಜ ಕುಲುಕಿಸಿ ನಕ್ಕರು, ಆಮೇಲೆ ಹೊಟ್ಟೆ ಹಿಡಿದುಕೊಂಡು. ನಗುತ್ತಲೇ ಕಣ್ಣು ಒರೆಸಿಕೊಂಡರು. “ನಿನ್ನ ತಪ್ಪಿಗೆ ನಾನು ಬಹುಮಾನ ತಗೊಂಡು ಓಡಾಡಿದೆನಲ್ಲೇ! ಭಾಷಣ ಬೇರೆ ಮಾಡಿದೀನಿ, ಕಲ್ಪನಾಶಕ್ತಿ ಅನ್ನೋ ವಿಷಯದ ಮೇಲೆ!” ಕಥೆಗಾರ್ತಿಯ ಕಡೆ ತಿರುಗಿ ಹೇಳಿದರು: “ಬೆಂಕಿ ಆರಿಸಮ್ಮಾ. ಇವಳ ಮಾತು ಕೇಳು.”

ಕಥೆಗಾರ್ತಿ ಕೇಳಿದ್ದು ಒಂದೇ ಪ್ರಶ್ನೆ. “ಬಳಿಯುವಾಗ ಏನನ್ನಿಸ್ತು ಅಕ್ಕಾ?”

“ಭಯ. ಚಿಕ್ಕ ಕಲೆ ಮುಚ್ಚೋಕೆ ದೊಡ್ಡದು ಮಾಡಿದೆ. ದೊಡ್ಡದಾದ ಮೇಲೆ ನೋಡು, ಅದು ಕಲೆ ಅಂತ ಯಾರಿಗೂ ಅನ್ನಿಸಲೇ ಇಲ್ಲ. ಅದಿನ್ನೂ ಭಯ.”

ಮೂವತ್ತೊಂದರಿಂದ ಐವತ್ತೆಂಟರವರೆಗಿನ ಪುಟಗಳು ಅಂದೇ ಬುಟ್ಟಿ ಸೇರಿದವು. ಈಗ ಓದುಗರ ಕೈಯಲ್ಲಿರುವ ಕಥೆಯಲ್ಲಿ ಒಂಬತ್ತು ವರ್ಷದ ಆ ಹುಡುಗ ಭೂಪಟ ಬರೆಯುವವರ ಕೋಣೆಯಲ್ಲಿ ಕೆಲಸ ಕಲಿಯುತ್ತಾನೆ. ಒಂದು ಹನಿ ಮಸಿ ಬೀಳಿಸುತ್ತಾನೆ. ಅದನ್ನು ಮುಚ್ಚಲು ಒಂದು ಕೆರೆ ಬರೆಯುತ್ತಾನೆ, ಕೆರೆ ಮುಚ್ಚಲು ಕಾಡು. ಕೈಗೆ ಹತ್ತಿದ ಮಸಿ ಕಾಣದಿರಲೆಂದು ಇಡೀ ಕೈಗೇ ಬಳಿದುಕೊಂಡು, ಹುಟ್ಟಿನಿಂದಲೇ ಹೀಗೆ ಎನ್ನುತ್ತಾನೆ. ಎಲ್ಲರೂ ನಂಬುತ್ತಾರೆ. ಆಗ ಕಿಟಕಿಯಿಂದ ಗಾಳಿ ಬಂದು ಹಾಳೆಯನ್ನು ಮಗುಚಿ ಹಾಕುತ್ತದೆ. ಹಿಂಬದಿಗೆ ಇಳಿದ ಹನಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಓಡಿಹೋಗುವ ಹುಡುಗ ಅಂದೇ ಗಾಳಿಯ ಮೇಲೆ ಹಗೆ ಕಟ್ಟುತ್ತಾನೆ. ಕರಿಗೈ ಗಾಳಿಯನ್ನು ಯಾಕೆ ಸೀಸೆಗೆ ತುಂಬುತ್ತಾನೆಂದು ಓದುಗರಿಗೆ ಮೂವತ್ತು ವರ್ಷದ ಮೇಲೆ ತಿಳಿಯುವುದು ಇಲ್ಲಿಯೇ. ಆ ಇಪ್ಪತ್ತೆಂಟು ಪುಟಕ್ಕೆ ಮಸಿಯಕ್ಕ ನಾಲ್ಕೇ ದಿನದಲ್ಲಿ ಕಪ್ಪು ತುಂಬಿ ಮುಗಿಸಿದರು. ಒಂದು ಹಾಳೆಯೂ ಕೆಡಲಿಲ್ಲ.

ಬಿಡುಗಡೆಯ ಬೆಳಗ್ಗೆ ಪುಸ್ತಕದಂಗಡಿಯ ಸಾಲು ಬೀದಿಯ ತಿರುವು ದಾಟಿತ್ತು. ಮಕ್ಕಳಿಗಿಂತ ಅವರನ್ನು ಕರೆತಂದ ಅಪ್ಪಂದಿರು, ಅಮ್ಮಂದಿರೇ ಹೆಚ್ಚು ಗದ್ದಲ ಮಾಡುತ್ತಿದ್ದರು. ಮೇಷ್ಟ್ರು ಮೈಕು ಹಿಡಿದು ಕನಸಿನ ಕಥೆಯನ್ನು ಪೂರ್ತಿ ಹೇಳಿ, ಕೊನೆಗೆ, “ಇದಿಷ್ಟೂ ಬುರುಡೆ. ನಿಜ ಹೇಳೋರು ಅಲ್ಲಿ ಕೂತಿದಾರೆ,” ಎಂದು ಕೋಲನ್ನು ಮಸಿಯಕ್ಕನ ಕಡೆ ಚಾಚಿದರು. ಅಂಗಡಿ ಇಡೀ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮಸಿಯಕ್ಕ ಬಲಕ್ಕೆ ತಿರುಗಲಾಗದೆ ಎಡಭಾಗದವರಿಗಷ್ಟೇ ತಲೆಯಾಡಿಸಿದರು. ಆಮೇಲೆ ಅನ್ಯಾಯವಾಯಿತೆನ್ನಿಸಿ, ಪೂರ್ತಿ ಒಂದು ಸುತ್ತು ತಿರುಗಿದರು.

ನಲವತ್ತೈದರ ಒಬ್ಬರು, ಚಿಕ್ಕಂದಿನಲ್ಲಿ ಮುರಿದು ಕೂಡಿಕೊಂಡ ಸೊಟ್ಟ ತೋಳಿನವರು, ಪುಸ್ತಕ ಮುಂದಿಟ್ಟು ಹೇಳಿದರು: “ಆ ಕೈ ಮೇಲೆ ಬೆರಳಿಟ್ಟು ಉಜ್ಜಿ ನೋಡ್ತಿದ್ದೆ ಅಕ್ಕಾ. ಒಳಗೇನೋ ಇದೆ ಅನ್ನಿಸ್ತಿತ್ತು.”

“ಇತ್ತು,” ಎಂದರು ಮಸಿಯಕ್ಕ. “ಉಗುರಿತ್ತು.”

ಮೊದಲ ಪುಟದಲ್ಲಿ ಕಥೆ, ಚಿತ್ರ, ಬಣ್ಣಗಳ ಹೆಸರಿನ ಕೆಳಗೆ ಈ ಸಲ ಒಂದು ಹೊಸ ಸಾಲಿದೆ: ‘ಕಪ್ಪು, ಮತ್ತು ಕೈ: ಮಸಿಯಕ್ಕ’. ಮಗಳು ಆಸ್ಪತ್ರೆಗೆ ಹನ್ನೊಂದು ಪ್ರತಿ ಒಯ್ದಿದ್ದಾಳೆ. ರಕ್ತ ಕೊಡಲು ಹೆದರುವ ಮಕ್ಕಳಿಗೆ ಆ ಪುಟ ತೋರಿಸಿ, “ಇದು ನಮ್ಮಮ್ಮ,” ಎನ್ನುವಷ್ಟರಲ್ಲಿ ಸೂಜಿ ಹೋಗಿ ಬಂದಿರುತ್ತದಂತೆ.

ಎರಡನೇ ಭಾಗದ ಕೆಲಸ ಶುರುವಾಗಿದೆ. ಹಗ್ಗದಲ್ಲಿ ತೂಗುತ್ತಿರುವುದು ಅದರ ಹಾಳೆಗಳು. ಏನಾದರೂ ಬೇಕಾ ಎಂದು ಪ್ರಕಾಶಕರು ಕೇಳಿದಾಗ ಮಸಿಯಕ್ಕ ತುಂಬ ಹೊತ್ತು ಯೋಚಿಸಿ, ಕಿಟಕಿಯ ಗಾಜನ್ನು ಹೊರಗಡೆಯಿಂದ ಒರೆಸಿಕೊಡಿ ಎಂದಿದ್ದಾರೆ. “ಮೂರನೇ ಮಹಡಿ. ಒಳಗಿಂದ ನಾನೇ ಒರೆಸ್ತೀನಿ. ಹೊರಗೆ ಕೈ ಎಟುಕಲ್ಲ.”

ಏಳು ಗಂಟೆ. ಇವತ್ತಿನ ಮೊದಲ ಹಾಳೆ ಒಣಗಿದೆ, ಕೆನ್ನೆ ಒಪ್ಪಿದೆ. ತೆಳು ಕಾಗದ ಇಟ್ಟು ಜೋಡಿಸುವ ಮುಂಚೆ ಮಸಿಯಕ್ಕ ಕಪಾಟಿನಿಂದ ಪುಸ್ತಕ ತೆಗೆದು ಕೊನೆಯ ಪುಟ ಬಿಡಿಸುತ್ತಾರೆ. ಬಾಗಿಲ ಚಿಲಕದ ಮೇಲೆ ಕರಿಗೈಯ ಕಪ್ಪು ಕೈ ಇದೆ. ಚಿತ್ರದಲ್ಲಿ ಇಡೀ ಕೈಗೆ ಇಂಟು ಹಾಕಿತ್ತು. ಹತ್ತಿರ ಹಿಡಿದು ನೋಡಿದರೆ ಮಾತ್ರ ಕಾಣುತ್ತದೆ: ಕಿರುಬೆರಳ ತುದಿಯಲ್ಲಿ, ಅಕ್ಕಿಕಾಳಿಗಿಂತ ಚಿಕ್ಕದಾದ, ಸೊಟ್ಟಗಿನ ಒಂದು ಬಿಳಿ ಉಗುರು.

“ಅದು ಮೇಷ್ಟ್ರದು,” ಎನ್ನುತ್ತಾರೆ, ಬ್ರಷ್ಷು ಮಸಿಗೆ ಅದ್ದುತ್ತ. “ಕಪ್ಪು ಮಾಡಲಿಲ್ಲ. ಮರೆತಿದ್ದಲ್ಲ ಮತ್ತೆ, ಈ ಸಲ ಬೇಕಂತಲೇ ಬಿಟ್ಟಿದೀನಿ.”